ಕರಿ ಕಂಬಳಿಯ ಗೂಟ

ನಮ್ಮ ಮನೆಯವರು ಬಂದವರಿಗೆಲ್ಲ ಹೇಳುವ ಕಥೆ ಹೀಗಿದೆ: ನಮ್ಮ ಕಾಕಾ ಸಾಲಿ ಮಕ್ಕಳಿಗೆ ಅಪ್ಪಂದಿರನ್ನೇ ಖಳನಾಯಕರೆಂದು ಕರೆಯಲು ಕಲಿಸಿದರು. ಊರವರು ರೊಚ್ಚಿಗೆದ್ದು ಅವರ ಎತ್ತಂಗಡಿಗೆ ನಿಂತರು. ಆಗ ನಾನು ಹೋಗಿ ಹತ್ತು ನಿಮಿಷ ಮಾತಾಡಿ ಅವರನ್ನು ಉಳಿಸಿಕೊಂಡು ಬಂದೆ.

ಮೂರು ಮಾತು, ಮೂರೂ ತಪ್ಪು. ಮೂರನೆಯದಂತೂ ಎಷ್ಟು ತಪ್ಪೆಂದರೆ ಅದನ್ನು ಕೇಳಿದಾಗಲೆಲ್ಲ ನನಗೆ ಎದ್ದು ಹೋಗಬೇಕೆನಿಸುತ್ತದೆ. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಮಾಡಿಕೊಂಡೇ ಬೆಳೆದವಳು ನಾನು. ಎದುರು ಪಕ್ಷದ ತಪ್ಪು ಹುಡುಕುವ ಚಟ ಒಮ್ಮೆ ಅಂಟಿತೆಂದರೆ, ಎದುರು ಪಕ್ಷ ಸಿಗದ ದಿನ ತನ್ನ ಪಕ್ಷದ ತಪ್ಪನ್ನಾದರೂ ಹುಡುಕಬೇಕಾಗುತ್ತದೆ. ಆದ್ದರಿಂದ ಈ ಪ್ರಬಂಧ.

ಕಾಕಾ ಸರಿಯಾಗಿದ್ದಾರೆ ಎಂದು ನಾನು ವಾದಿಸುತ್ತಿಲ್ಲ, ನೆನಪಿಡಿ. ಅದನ್ನು ವಾದಿಸಿ ಗೆಲ್ಲುವವರು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಹುಟ್ಟಬೇಕು.

ಅವರು ಹುಬ್ಬಳ್ಳಿ ಹತ್ತಿರದ ಹಳ್ಳಿಯೊಂದರ ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು. ಅವರ ತರಗತಿಯ ಹಿಂದಿನ ಗೋಡೆಯಲ್ಲಿ ಆರು ಕಟ್ಟಿಗೆ ಗೂಟಗಳಿವೆ. ಒಂದಕ್ಕೆ ರುಮಾಲು: ಅದು ನಾಯಕನದು, ಅಥವಾ ನಾಯಕಿಯದು. ಕೋಲು ಗುರುವಿಗೆ, ಗಂಟೆ ಸುದ್ದಿ ತರುವವರಿಗೆ, ಗೆಜ್ಜೆ ಕಿಲಾಡಿಗಳಿಗೆ. ಬೀಗ ನೇತಾಡುವ ಗೂಟ ಬಾಗಿಲು ಕಾಯುವವರದು. ಎಂದರೆ ನಾಯಕನನ್ನು ತಡೆದು ನಿಲ್ಲಿಸಿ ಪರೀಕ್ಷೆ ಮಾಡುವವರದು. ಕೊನೆಯದಕ್ಕೆ ಕರಿ ಕಂಬಳಿ. ಅದು ಖಳನಾಯಕನದೆಂದು ಹೇಳಬೇಕಾಗಿಲ್ಲ.

ಶನಿವಾರದ ಕಥೆಯ ತಾಸಿನಲ್ಲಿ ಕಾಕಾ ಅರ್ಧ ಕಥೆ ಹೇಳಿ ನಿಲ್ಲಿಸುತ್ತಾರೆ. ಮಕ್ಕಳು ಪಾತ್ರಗಳ ಹೆಸರನ್ನು ಚೀಟಿಯಲ್ಲಿ ಬರೆದು, ಸರಿ ಕಂಡ ಗೂಟಕ್ಕೆ ಚುಚ್ಚುತ್ತಾರೆ. ಅಂಥ ಪಾತ್ರ ಮನೆಯಲ್ಲೋ ಓಣಿಯಲ್ಲೋ ಕಂಡಿದ್ದರೆ ಅವರದೂ ಒಂದು ಚೀಟಿ. ಆಮೇಲೆ ಉಳಿದರ್ಧ ಕಥೆ. ಅದು ಮುಗಿದ ಮೇಲೆ ಚೀಟಿ ಬದಲಿಸಬಹುದು, ಆದರೆ ಹಚ್ಚಿದ ಕೈಯೇ ತೆಗೆಯಬೇಕು. ಬೇರೆಯವರು ಮುಟ್ಟುವಂತಿಲ್ಲ.

ಇದು ಸಾಲಿಯಲ್ಲಿಯೇ ನಿಂತಿದ್ದರೆ ನಾವು ಸುಖವಾಗಿರುತ್ತಿದ್ದೆವು. ನವನಗರದ ಅವರ ಮನೆಯ ಪಡಸಾಲೆಯಲ್ಲೂ ಇಂಥವೇ ಆರು ಗೂಟಗಳಿವೆ. ಬಸ್ಸಿನಲ್ಲಿ ಕಂಡಕ್ಟರ್ ಬಂದರೆ ಕಾಕಾ ನನ್ನ ಕಿವಿಯಲ್ಲಿ, "ಬಾಗಲಾ ಕಾಯಾವ ಬಂದ. ಮೂರು ಪರೀಕ್ಷಾ ಇರ್ತಾವ ನೋಡು" ಎನ್ನುತ್ತಾರೆ. ಎಲ್ಲಿಗೆ, ಎಷ್ಟು ಮಂದಿ, ಮುಂದ ಸರೀರಿ. "ಮೂರನೇದ್ದರಾಗ ಭಾಳ ಮಂದಿ ನಪಾಸು."

ನನ್ನ ಅಕ್ಕನನ್ನು ನೋಡಲು ಬಂದ ವರನಿಗೆ ಅವರು ಚಹಾ ಕೊಡುವ ಮೊದಲೇ ಕೇಳಿದರು: "ನಿಮ್ಮ ಜೀವನದಾಗ ನಿಮಗ ಅಡ್ಡ ಬಂದಾವ್ರು ಯಾರರಿ?"

"ಯಾರೂ ಇಲ್ಲರಿ," ಎಂದ ಆತ, ಹೆಮ್ಮೆಯಿಂದ.

"ಹಂಗಾರ ಕಥೀನ ಇಲ್ಲ ಬಿಡ್ರಿ." ಸಂಬಂಧ ಅಲ್ಲಿಗೇ ಮುರಿಯಿತು. ಅಕ್ಕ ಇವತ್ತಿಗೂ ಕಾಕಾನಿಗೆ ಕೃತಜ್ಞಳು. ಅದು ಬೇರೆ ವಿಷಯ.

ನನ್ನ ಚೀಟಿ ನಾನು ಏಳನೇ ಇಯತ್ತೆಯಲ್ಲಿದ್ದಾಗಿನಿಂದ ಬೀಗದ ಗೂಟಕ್ಕೇ ಇದೆ, ಹಚ್ಚಿದವರು ಕಾಕಾ. ಯಾರ ಮಾತನ್ನೂ ಪ್ರಶ್ನೆ ಕೇಳದೆ ಒಳಗೆ ಬಿಡುವುದಿಲ್ಲವಂತೆ ನಾನು. "ಜೀವಂತ ಮನುಷ್ಯಾರನ್ನ ಆರು ಗೂಟಕ್ಕ ತೂಗಹಾಕೂದು ಅನ್ಯಾಯ ಅಲ್ಲೇನ್ರಿ ಕಾಕಾ?" ಎಂದು ಎಷ್ಟು ಸಲ ಜಗಳಾಡಿದ್ದೇನೋ. (ನಮ್ಮ ಕಡೆ ಜಗಳಕ್ಕೂ 'ರಿ' ಹಚ್ಚುತ್ತೇವೆ.) ಅವರು ಸಿಟ್ಟಾಗುವುದಿಲ್ಲ. "ಅನ್ಯಾಯನ. ಅದಕ್ಕ ಉಳದರ್ಧಾ ಕಥಿ ಆದ ಮ್ಯಾಲೆ ಬದಲಸಾಕ ಬಿಡ್ತೇನಿ," ಎನ್ನುತ್ತಾರೆ. ನನ್ನದನ್ನು ಯಾಕೆ ಬದಲಿಸಲಿಲ್ಲ ಎಂದರೆ, "ನಿಂದು ಉಳದರ್ಧಾ ಇನ್ನೂ ಆಗಿಲ್ಲಲ್ಲ."

ಆ ಮನೆಯ ಕರಿ ಕಂಬಳಿಗೂ ಒಂದು ಚೀಟಿ ಇದೆ. ಅದರ ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ 'ಅಣ್ಣ' ಎಂದಿದೆ. ಹಚ್ಚಿದವರು ಸುಳ್ಳ ಎಂಬ ಊರಿಗೆ ಕೊಟ್ಟಿರುವ ನಮ್ಮ ಅತ್ತಿ, ಕಾಕಾನ ತಂಗಿ. ಒಂದು ಯುಗಾದಿಗೆ ಬಂದಾಗ, ಊಟವಾದ ಮೇಲೆ, ಸೀರೆಗೆ ಕೈ ಒರೆಸಿಕೊಂಡು ಬಂದು ಬರೆದು ಚುಚ್ಚಿದರು. ಕಡೇ ಹೋಳಿಗೆ ಕಾಕಾ ತಿಂದಿದ್ದರು, ಅದಕ್ಕೇ ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅತ್ತಿಯೂ ನಕ್ಕರು. ಕಾಕಾ ಮಾತ್ರ ಆ ಚೀಟಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಮನೆಗೆ ಬಣ್ಣ ಹೊಡೆಸಿದಾಗ ಆ ಗೂಟದ ಸುತ್ತ ಒಂದು ಗೇಣು ಹಳೆಯ ಹಸಿರು ಹಾಗೇ ಉಳಿಯಿತು. ಬಣ್ಣದವನು ತನ್ನ ಕೆಲಸಕ್ಕೆ ಇದು ಅವಮಾನ ಎಂದು ಗೊಣಗಿದ. ನಾನು ಇದನ್ನು ಕಾಕಾನ ಹುಚ್ಚಿನ ಪಟ್ಟಿಗೆ ಸೇರಿಸಿ ಮರೆತೆ.

ಈಗ ಆ ಶನಿವಾರಕ್ಕೆ ಬರೋಣ. ಕಥೆ ಕಾಕಾ ಕಟ್ಟಿದ್ದು. ಒಬ್ಬ ಹುಡುಗಿ ಗುಡ್ಡದ ಮೇಲಿನ ಕೆರೆಯ ನೀರು ತರಲು ಕೊಡ ಹೊತ್ತು ಹೊರಡುತ್ತಾಳೆ. ಗುಡ್ಡದ ಬುಡದಲ್ಲಿ ಕುಳಿತ ಮುದುಕನೊಬ್ಬ ಕಲ್ಲೆಸೆದು ಅವಳ ಕೊಡ ಒಡೆಯುತ್ತಾನೆ. ಅಲ್ಲಿಗೆ ಅರ್ಧ. ಮುದುಕ ಸಹಜವಾಗಿಯೇ ಕರಿ ಕಂಬಳಿಗೆ ಹೋದ. ಹತ್ತನೇ ಇಯತ್ತೆಯ ಸೃಷ್ಟಿ ಎಂಬ ಹುಡುಗಿ ಅವನ ಪಕ್ಕದಲ್ಲಿ ಇನ್ನೊಂದು ಚೀಟಿ ಚುಚ್ಚಿದಳು: 'ಅಪ್ಪ.' ಅಷ್ಟರಲ್ಲಿ ಯಾವುದೋ ತುರ್ತು ಸಭೆ ಎಂದು ಗಂಟೆ ಮೊದಲೇ ಹೊಡೆಯಿತು. ಮಕ್ಕಳು ಓಡಿದರು. ಉಳಿದರ್ಧ ಕಥೆ ಕಾಕಾನ ಬಾಯಲ್ಲೇ ಉಳಿಯಿತು, ಚೀಟಿ ಗೋಡೆಯಲ್ಲಿ.

ಸೋಮವಾರ ಶಾಲಾ ಸಮಿತಿಯವರು ಅದೇ ಕೋಣೆಯಲ್ಲಿ ಕೂತರು. ಸಮಿತಿಯಲ್ಲಿ ಸೃಷ್ಟಿಯ ಅಪ್ಪನೂ ಇದ್ದರು. ಟ್ರ್ಯಾಕ್ಟರ್ ಗ್ಯಾರೇಜಿನವರು, ಮಾತು ಕಡಿಮೆ. ಮಗಳ ಅಕ್ಷರ ಅವರಿಗೆ ಗೊತ್ತಿರುವುದಿಲ್ಲವೇ? ಚೀಟಿಯ ತುದಿ ಹಿಡಿದು ನೋಡಿದರು. ಕಾಗದದ ಮೇಲೆ ಕರಿ ಎಣ್ಣೆಯ ಹೆಬ್ಬೆಟ್ಟು ಮೂಡಿತು. ಮೇಡಂ, ಎಂದರೆ ಮುಖ್ಯೋಪಾಧ್ಯಾಯಿನಿ, ಗಾಬರಿಯಾಗಿ ಅದನ್ನು ಕಿತ್ತು ಹಾಕಲು ಹೋದರೆ ಕಾಕಾ ಅಡ್ಡ ನಿಂತರು. ಹಚ್ಚಿದ ಕೈಯೇ ತೆಗೆಯಬೇಕು! ಅಲ್ಲಿಗೆ ಸಣ್ಣ ಬೇಜಾರು ದೊಡ್ಡ ದೂರಾಯಿತು. ಗುರುವಾರ ವಿಚಾರಣೆ. ಅಪ್ಪ ಒಪ್ಪದಿದ್ದರೆ ಕಥೆಯ ತಾಸು ಬಂದ್, ಕಾಕಾನ ವರ್ಗಾವಣೆಗೆ ಪತ್ರ.

ಕಾಕಾ ಅಲ್ಲಿ ಬಾಯಿ ಬಿಡುವುದಿಲ್ಲ, ನಿನಗೆ ಮಾತು ಬರುತ್ತದೆ, ಹೋಗು ಎಂದರು ಮನೆಯವರು. ಹೋದೆ.

ಆ ಕೋಣೆ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮೇಡಂ, ಸೃಷ್ಟಿಯ ಅಪ್ಪನನ್ನು ಬಿಟ್ಟು ಸಮಿತಿಯ ಮೂವರು, ಎದುರಿಗೆ ಕಾಕಾ. ಸೃಷ್ಟಿ ಕೊನೆಯ ಬೆಂಚಿನಲ್ಲಿ, ತಲೆ ತಗ್ಗಿಸಿ. ಅವಳಪ್ಪ ಕೂರಲಿಲ್ಲ. ಗೋಡೆಗೆ ಚೀಟಿ ಹಾಗೇ ಇತ್ತು. ಯಾರೂ ಅದರ ಕಡೆ ನೋಡುತ್ತಿರಲಿಲ್ಲ, ಎಂದರೆ ಎಲ್ಲರೂ ಅದನ್ನೇ ನೋಡುತ್ತಿದ್ದರು.

ನಾನು ಎದ್ದು ನಿಂತೆ. "ಒಂದು, ಅಕ್ಷರ ನಿಮ್ಮ ಮಗಳದು, ಮಾಸ್ತರದಲ್ಲ. ಎರಡು, ಅವರು ಕಲಸಿದ್ದು ಪಾತ್ರ ಗುರುತಿಸೂದನ್ನ, ಬೈಯೂದನ್ನಲ್ಲ. ಮೂರು, ಮಗಳು ನಿಮ್ಮನ್ನ ಅಲ್ಲಿ ಯಾಕ ಹಚ್ಚಿದಳು ಅಂತ ನೀವು ಇನ್ನೂ ಕೇಳೇ ಇಲ್ಲ."

ಸಮಿತಿಯ ಮೂವರೂ ತಲೆಯಾಡಿಸಿದರು. ಮೂರನೆಯ ಮಾತು ನಾಟಿತ್ತು. ಸ್ಪರ್ಧೆಯಾಗಿದ್ದರೆ ಅಲ್ಲಿಗೆ ಗಂಟೆ ಬಾರಿಸಿ ಫಲಕ ಕೊಡುತ್ತಿದ್ದರು.

"ಖರೇ ಐತಿ ತಂಗಿ," ಎಂದರು ಅವಳಪ್ಪ ಮೆಲ್ಲಗೆ. "ಕೇಳಬೇಕಿತ್ತು. ಮನ್ಯಾಗ ಕೇಳ್ತೇನಿ." ಮಗಳ ಕಡೆ ತಿರುಗಿದರು. "ಚೀಲಾ ತಗೊ. ನಾಳಿಂದ ಸಾಲಿ ಸಾಕು."

ಪರೀಕ್ಷೆಗೆ ಎರಡು ತಿಂಗಳಿತ್ತು. ಹುಡುಗಿ ಎದ್ದು ನಿಂತಳು. ಚೀಲ ಎತ್ತಿಕೊಳ್ಳಲಿಲ್ಲ, ಅಳಲೂ ಇಲ್ಲ, ನನ್ನನ್ನು ನೋಡಿದಳು. ನಾನು ಗೆದ್ದಿದ್ದೆ, ಮತ್ತು ಅದರ ಬೆಲೆ ತೆರುತ್ತಿದ್ದವಳು ಅವಳು. ಇನ್ನೊಂದು ವಾದಕ್ಕಾಗಿ ತಲೆಯೆಲ್ಲ ತಡಕಾಡಿದೆ. ಹನ್ನೆರಡು ಸಿಕ್ಕವು. ಹನ್ನೆರಡೂ ಸರಿಯಾಗಿದ್ದವು, ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ.

ಆಗ ಕಾಕಾ ಬಾಯಿ ಬಿಟ್ಟರು. "ಯಜಮಾನರ, ಕಥಿ ಇನ್ನೂ ಅರ್ಧಾ ಐತಿ. ಕೇಳಿ ಹೋಗ್ರಿ."

"ನನಗೇನ್ ಕಥಿ ಹೇಳ್ತೀರಿ ಮಾಸ್ತರ? ನಾ ಏನ್ ಸಣ್ಣ ಹುಡುಗೇನು?"

"ನಿಮ್ಮ ಚೀಟಿ ಹಚ್ಯಾರ. ನೀವ ಕೇಳಲಿಲ್ಲಂದ್ರ ಹೆಂಗ?"

ಅವರು ಮಕ್ಕಳ ಬೆಂಚಿನಲ್ಲಿ, ಮೊಣಕಾಲು ಎದೆಗೆ ಬರುವಂತೆ ಕೂತರು. ಕಾಕಾ ಹೇಳಿದರು: ಕೊಡ ಒಡೆದರೂ ಹುಡುಗಿ ತಿರುಗಿ ಹೋಗಲಿಲ್ಲ. ಮುದುಕನ ಎದುರಿಗೇ ಕೂತು, ಯಾಕೆ ಒಡೆದಿ ಎಂದು ಕೇಳಿದಳು. ಸಂಜೆಯಾದ ಮೇಲೆ ಮುದುಕ ಹೇಳಿದ, ನನ್ನ ಮಗಳೂ ಹಿಂಗೇ ಕೊಡ ಹೊತ್ತು ಹತ್ತಿದಳು, ಇಳಿದು ಬರಲಿಲ್ಲ. ಅಂದಿನಿಂದ ಕೊಡ ಕಂಡರೆ ಕೈ ಕಲ್ಲಿಗೆ ಹೋಗುತ್ತದೆ.

ಅಲ್ಲಿ ಕಾಕಾ ತಡವರಿಸಿದರು. ಅವರು ಕಥೆಯ ನಡುವೆ ತಡವರಿಸಿದ್ದನ್ನು ನಾನು ಕಂಡಿರಲಿಲ್ಲ.

"ಈ ಮುದುಕನ್ನ ನಾ ಬಲ್ಲೆ, ಯಜಮಾನರ. ನನ್ನ ತಂಗಿ ಹತ್ತನೇದ್ದರಾಗ ಸಾಲಿಗೇ ಮೊದಲನೇದಾಕಿ. ಧಾರವಾಡದ ಕಾಲೇಜಿಗೆ ಕಳಸೋಣು ಅಂದ ನಮ್ಮಪ್ಪ. ಬ್ಯಾಡ ಅಂದಾವ ನಾನ. ಬಸ್ಸಿನ್ಯಾಗ ಹುಡುಗೂರು ಹೆಂಗಿರ್ತಾರಂತ ನನಗ ಗೊತ್ತಿತ್ತು. ನಾನೂ ಅವರ ಜೋಡೀನ ಕುಂದರ್ತಿದ್ದೆ. ಅಪ್ಪ ನನ್ನ ಮಾತು ಕೇಳಿದ. ಅಕಿ ಪುಸ್ತಕದ ಚೀಲಾ ಪಡಸಾಲ್ಯಾಗಿನ ಗೂಟಕ್ಕ ಹಾಕಿ ಅಡಗಿಮನಿಗೆ ಹೋದ್ಲು. ಬಯ್ಯಲಿಲ್ಲ, ಅಳಲಿಲ್ಲ. ಆ ಚೀಲಾ ಎಷ್ಟೋ ವರ್ಷ ಅಲ್ಲೇ ಇತ್ತರಿ. ಆ ಗೂಟಾ ನೋಡ್ಕೋತನ ನಾ ಮಾಸ್ತರ ಆದೆ."



"ಸೃಷ್ಟಿ, ಉಳದರ್ಧಾ ಕಥಿ ಆತವಾ," ಎಂದರು ಕಾಕಾ. "ಬದಲಸೂದಿದ್ರ ಬದಲಸು."

ಅವಳು ಬಂದು ಚೀಟಿ ಕಿತ್ತಳು. ಬೀಗದ ಗೂಟದ ಮುಂದೆ ಒಂದಿಷ್ಟು ನಿಂತಳು. ಆಮೇಲೆ ಹೇಳಿದಳು, "ಇದನ್ನ ಈಗ ಹಚ್ಚಾಕ ಬರಾಂಗಿಲ್ರಿ ಸರ್. ಜೂನ್ ಬರಲಿ. ಕಾಲೇಜಿನ ಮಾತಿಗೆ ಅಪ್ಪ ಏನ್ ಮಾಡ್ತಾನ ನೋಡಿ ಹಚ್ತೇನ್ರಿ." ಮಡಚಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು.

ಹನ್ನೆರಡು ವಾದ ಹುಡುಕಿದ ನನಗೆ ಇದೊಂದು ಹೊಳೆದಿರಲಿಲ್ಲ.

ಅವಳಪ್ಪ ಎದ್ದು ಅವಳ ಚೀಲಕ್ಕೆ ಕೈ ಹಾಕಿದರು. ಅವರು ಅದನ್ನು ನೆಲದಿಂದೆತ್ತಿ ಬೆಂಚಿನ ಮೇಲಿಟ್ಟು, "ಸಂಜೀಕ ಲಗೂ ಬಾ" ಎಂದು ಹೊರಗೆ ಹೋದರು. ದೂರಿನ ಮಾತು ಮತ್ತೆ ಬರಲಿಲ್ಲ.

ಜೂನ್‌ನಲ್ಲಿ ಅವರೇ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಟಿಸಿ ಒಯ್ಯಲು ಬಂದರಂತೆ, ಧಾರವಾಡದ ಕಾಲೇಜಿಗೆ. ಟಿಸಿ ಕೈಗೆ ಬಂದ ಮೇಲೆ ನೇರ ಆ ಕೋಣೆಗೆ ಹೋಗಿ ನಿಂತರು. "ಚೀಟಿ ಎಲ್ಲೈತಿ? ಹಚ್ಚು ಈಗ. ಆ ರುಮಾಲಕ್ಕ ಹಚ್ಚು."

"ಅದು ನಂದಪಾ," ಎಂದಳು ಮಗಳು. ಅಪ್ಪನ ಚೀಟಿ ಬೀಗದ ಗೂಟಕ್ಕೆ ಹೋಯಿತು. ಎಣ್ಣೆಯ ಹೆಬ್ಬೆಟ್ಟಿನ ಸಮೇತ ಈಗಲೂ ಅಲ್ಲೇ ಇದೆ. ಬಾಗಿಲು ಕಾಯುವವರ ಸಾಲಿನಲ್ಲಿ ನನಗೆ ಒಳ್ಳೆಯ ಜೊತೆ ಸಿಕ್ಕಿತು.

ಹೋದ ತಿಂಗಳು ನಾನು ಸುಳ್ಳಕ್ಕೆ ಹೋಗಿದ್ದೆ. ಅತ್ತಿ ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರು. ಕಾಳು ಸುತ್ತಿ ಬಂದ ಹಳೆಯ ಪತ್ರಿಕೆಯನ್ನು ತೊಡೆಯ ಮೇಲೆ ಹರವಿಕೊಂಡಿದ್ದರು. ಬೆರಳು ಕಾಳಿನಲ್ಲಿ, ಕಣ್ಣು ಅಕ್ಷರದ ಮೇಲೆ. ನಾನು ಸಾಲಿಯಲ್ಲಿ ನಡೆದದ್ದೆಲ್ಲ ಹೇಳಿದೆ. ಚೀಲದ ಮಾತು ಬಂದಾಗ ಬೆರಳು ನಿಂತಿತು, ಮತ್ತೆ ಆಡಿತು. ನಮ್ಮಣ್ಣ ಇದನ್ನ ಮಂದಿ ಮುಂದ ಹೇಳಿದನೇನು ಎಂದು ಒಮ್ಮೆ ಕೇಳಿದರು.

ನಾನು ಜೀವನದಲ್ಲಿ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಅವೆಲ್ಲವಕ್ಕೂ ಎದುರಿನವರ ಉತ್ತರ ಮೊದಲೇ ನನಗೆ ಗೊತ್ತಿರುತ್ತಿತ್ತು, ಅದಕ್ಕೇ ಕೇಳುತ್ತಿದ್ದೆ. ಇದೊಂದರ ಉತ್ತರ ಗೊತ್ತಿರಲಿಲ್ಲ.

"ಅತ್ತಿ, ಆ ಯುಗಾದಿಗೆ ನೀವು 'ಅಣ್ಣ' ಅಂತ ಬರದು ಕಂಬಳಿಗೆ ಹಚ್ಚಿದ್ರಲ್ಲ, ಅದು ಹೋಳಿಗಿ ಸಲುವಾಗಿ ಅಲ್ಲಲ್ರಿ? ಕಾಕಾ ಆ ಗ್ವಾಡಿಗೆ ಬಣ್ಣಾ ಸೈತ ಹಚ್ಚಿಸಿಲ್ಲ, ನಿಮ್ಮ ಕೈನ ಬರಬೇಕಂತ ಕಾಯಾಕತ್ತಾರ. ಉಳದರ್ಧಾ ಕಥಿ ಇನ್ನೂ ಆಗಿಲ್ಲೇನ್ರಿ?"