ಅತ್ತೆಯ ಶ್ನಿಟ್ಸೆಲ್ಲೂ ವೆನಿಸ್ಸಿನ ಮೆಟ್ಟಿಲೂ

ಎಲ್ಲದಕ್ಕೂ ಕಾರಣ ಒಂದು ಅಲ್ಯೂಮಿನಿಯಂ ಡಬ್ಬಿ. ಅದರೊಳಗೆ ಹದಿನೆಂಟು ಶ್ನಿಟ್ಸೆಲ್. ಹಂದಿ ಮಾಂಸವನ್ನು ಬಡಿದು ತೆಳ್ಳಗೆ ಮಾಡಿ, ಬೆಳ್ಳುಳ್ಳಿ ಸವರಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿ ಮೆತ್ತಿ ಬ್ಲಾಜೆನಾ ಅತ್ತೆ ತಮ್ಮ ಕೈಯಾರೆ ಕರಿದದ್ದು. ನಮ್ಮ ಚೆಕ್ ಜನ ಪಾಸ್‌ಪೋರ್ಟ್ ಮರೆತು ಹೊರಟಾರು, ಶ್ನಿಟ್ಸೆಲ್ ಮರೆತು ಊರಿನ ಬಸ್‌ಸ್ಟ್ಯಾಂಡೂ ದಾಟುವುದಿಲ್ಲ. ಅದರಲ್ಲೇನೂ ವಿಶೇಷವಿಲ್ಲ. ವಿಶೇಷ ಇದ್ದದ್ದು ಅತ್ತೆಯ ಕರಾರಿನಲ್ಲಿ.

"ಕೂತು ತಿನ್ನಬೇಕು," ಎಂದು ತಾಬೋರ್ ಊರಲ್ಲಿ ಬಸ್ ಹತ್ತುವಾಗಲೇ ಅತ್ತೆ ಹೇಳಿಬಿಟ್ಟಿದ್ದರು. "ಅಲುಗಾಡದ ಜಾಗ ಇರ್ಬೇಕು, ಬಟ್ಟೆ ಹಾಸ್ಬೇಕು, ಐದು ಜನಾನೂ ಒಟ್ಟಿಗೆ ಇರ್ಬೇಕು. ನಿಂತ್ಕೊಂಡು ತಿನ್ನೋಕೆ ನಾವೇನು ಕುದುರೇನಾ?"

ಬಸ್ಸಿನ ಉಳಿದ ಜನ ಆಸ್ಟ್ರಿಯಾದ ಗಡಿ ಬರುವ ಮೊದಲೇ ತಮ್ಮ ತಮ್ಮ ಡಬ್ಬಿ ಖಾಲಿ ಮಾಡಿ ಕೈ ಒರೆಸಿಕೊಂಡಿದ್ದರು. ಅತ್ತೆಯ ಡಬ್ಬಿ ಮಾತ್ರ ತುಂಬಿದ ಹಾಗೇ ಭಾನುವಾರ ಬೆಳಗ್ಗೆ ವೆನಿಸ್ ತಲುಪಿತು. ಹೊತ್ತವನು ಕಿರಿಯ ಅಳಿಯ ಓತಾ.

ಓತಾ ಯಾಕೆ ಹೊತ್ತ ಅಂತ ಕೇಳಿ. ಲುಜ್ನಿತ್ಸೆ ಹೊಳೆಯ ದಡದಲ್ಲಿ ಅತ್ತೆಗೆ ಒಂದು ಮರದ ಮನೆಯಿದೆ. ಎರಡು ಕೋಣೆ, ಒಂದು ಒಲೆ, ಮುಂದೆ ಹೊಳೆ. ಊರಿನ ನೀರು ಸರಬರಾಜು ಕಚೇರಿಯಲ್ಲಿ ದಿನವಿಡೀ ಫೋನಿನಲ್ಲಿ ಬೈಗುಳ ಕೇಳುವ ಓತಾನಿಗೆ ಆ ಮನೆ ಅಂದರೆ ಪ್ರಾಣ. ಬೇಸಿಗೆ ಪೂರ್ತಿ ಅಲ್ಲಿ ಗಾಳ ಹಾಕಿ ಕೂರಬೇಕು, ಒಂದು ನರಪಿಳ್ಳೆಯ ಮಾತೂ ಕಿವಿಗೆ ಬೀಳಬಾರದು, ಇಷ್ಟೇ ಅವನ ಆಸೆ. "ನಂಗೂ ವಯಸ್ಸಾಯ್ತು. ಇಬ್ಬರು ಅಳಿಯಂದಿರಲ್ಲಿ ಯಾರು ಯೋಗ್ಯ ಅಂತ ಈ ಪ್ರವಾಸದಲ್ಲಿ ನೋಡಿ, ಮನೆ ಕೀಲಿ ಅವರ ಕೈಗೆ ಕೊಡ್ತೀನಿ," ಎಂದು ಅತ್ತೆ ಹೇಳಿದ ದಿನದಿಂದ ಅವನಿಗೆ ನಿದ್ದೆ ಇಲ್ಲ. ಇನ್ನೊಬ್ಬ ಅಳಿಯ, ಅಂದರೆ ಓತಾನ ಷಡ್ಡಕ ಲುದ್ವಿಕ್, ಆ ಜಾಗದಲ್ಲಿ ಮೋಟಾರು ದೋಣಿ ಇಡುವ ಯೋಜನೆ ಹಾಕಿಕೊಂಡಿದ್ದ. ಮೋಟಾರು ದೋಣಿ! ಓತಾನ ಹೊಟ್ಟೆ ಉರಿಯದೆ ಇನ್ನೇನು?

ಮೊದಲು ಹೋದದ್ದು ಒಂದು ದೊಡ್ಡ ಚರ್ಚಿನ ಮೆಟ್ಟಿಲಿಗೆ. ಅಗಲವಾದ ಬಿಳಿ ಕಲ್ಲು, ಹಿತವಾದ ನೆರಳು. ಓತಾ ಅತ್ತೆಯ ಇಸ್ತ್ರಿ ಮಾಡಿದ ಬಟ್ಟೆ ಹಾಸಿದ, ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ ತೆಗೆದಿಟ್ಟ, ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ. ಅಷ್ಟರಲ್ಲಿ ಎಲ್ಲಿದ್ದಳೋ ಏನೋ, ಬಿಳಿ ಅಂಗಿ ತೊಟ್ಟ ಒಬ್ಬ ಕಾವಲಿನ ಹೆಂಗಸು ಸೀಟಿ ಊದುತ್ತಾ ಬಂದಳು. ಮೆಟ್ಟಿಲು ತೋರಿಸಿದಳು, ಡಬ್ಬಿ ತೋರಿಸಿದಳು, ಬೆರಳು ಅಲ್ಲಾಡಿಸಿದಳು.

"ಈ ಊರಲ್ಲಿ ಮೆಟ್ಟಿಲ ಮೇಲೆ ಕೂತು ತಿನ್ನೋ ಹಾಗಿಲ್ಲ ಕಣಯ್ಯಾ," ಎಂದ ಲುದ್ವಿಕ್, ಫೋನಿನಿಂದ ತಲೆ ಎತ್ತದೆ. "ಸೇತುವೆ ಮೇಲೂ ಇಲ್ಲ, ಚೌಕದಲ್ಲೂ ಇಲ್ಲ. ದಂಡ ಹಾಕ್ತಾರೆ. ನಾನು ನಿನ್ನೇನೇ ಓದಿದ್ದೆ."

"ಗೊತ್ತಿದ್ರೆ ಬಟ್ಟೆ ಹಾಸೋಕೆ ಮುಂಚೆ ಬೊಗಳೋಕೆ ಏನಾಗಿತ್ತು?"

"ನೀನು ಕೇಳಲಿಲ್ಲವಲ್ಲ."

ಲುದ್ವಿಕ್ ಮೀಸೆಯಡಿ ನಕ್ಕ. "ಅತ್ತೇ, ಇಲ್ಲೇ ಪಕ್ಕದಲ್ಲಿ ಒಳ್ಳೇ ಹೋಟೆಲ್ಲಿದೆ. ಮೇಜು ಕಾದಿರಿಸ್ಲಾ?"

"ಹದಿನೆಂಟು ಶ್ನಿಟ್ಸೆಲ್ ಬೆನ್ನ ಮೇಲೆ ಇಟ್ಕೊಂಡು ಹೋಟೆಲ್ಲಿಗೆ ಹೋಗೋದಾ?" ಅತ್ತೆ ಸಿಡುಕಿದರು. "ಓತಾ, ನಡಿಯಪ್ಪಾ. ಇಷ್ಟು ದೊಡ್ಡ ಊರಲ್ಲಿ ಐದು ಜನ ಕೂರೋಕೆ ಜಾಗ ಇಲ್ವಾ?"

ಓತಾನಿಗೆ ಅಷ್ಟು ಸಾಕಾಯಿತು. ಲುದ್ವಿಕ್ಕಿನ ಹೋಟೆಲ್ ಸೋತಿತು, ತನ್ನ ಡಬ್ಬಿ ಗೆದ್ದಿತು. ಜಾಗ ಒಂದು ಸಿಕ್ಕಿಬಿಟ್ಟರೆ ಕೀಲಿ ಸಿಕ್ಕಿದ ಹಾಗೇ.

ಆದರೆ ಜಾಗ ಎಲ್ಲಿ? ಒಂದು ಪುಟ್ಟ ಚೌಕದಲ್ಲಿ ಹಳೇ ಬಾವಿಕಟ್ಟೆ ಕಂಡಿತು. ಸುತ್ತ ಯಾರೂ ಇರಲಿಲ್ಲ. ಓತಾ ಈ ಸಲ ಬಟ್ಟೆ ಹಾಸುವ ಗೋಜಿಗೆ ಹೋಗದೆ ನೇರ ಡಬ್ಬಿ ತೆರೆದ. ತೆರೆದದ್ದೇ ತಡ, ಕೋಳಿಯಷ್ಟು ದಪ್ಪದ ಒಂದು ಕಡಲಹಕ್ಕಿ ಮೇಲಿನಿಂದ ಎರಗಿ ಒಂದು ಶ್ನಿಟ್ಸೆಲ್ ಕಚ್ಚಿಕೊಂಡು ಹಾರಿತು. ಓತಾನ ಹೆಂಡತಿ ಯಾರ್ಮಿಲಾ ಕಿಟಾರನೆ ಕಿರುಚಿದಳು. ಕಿರುಚಿದ್ದು ಕೇಳಿ, ಮೂಲೆ ತಿರುಗಿ ಅದೇ ಬಿಳಿ ಅಂಗಿಯ ಹೆಂಗಸು ಬಂದಳು.

"ಇವಳು ನಮ್ಮ ಬೆನ್ನು ಹತ್ತಿದ್ದಾಳೆ!" ಎಂದ ಓತಾ, ಡಬ್ಬಿ ಮುಚ್ಚುತ್ತಾ.

ಅತ್ತೆ ಎದುರು ಮನೆಯ ಸೂರಿನ ಕಡೆ ಕೈ ತೋರಿಸಿದರು. "ನೋಡ್ರೋ, ಆ ಹಕ್ಕಿಗೆ ಇರೋ ಸಂಸ್ಕಾರ! ಹೆಂಚಿನ ಮೇಲೆ ಕೂತು ತಿಂತಾ ಇದೆ. ನಿಂತು ತಿನ್ನಲಿಲ್ಲ."

ಹನ್ನೆರಡು ಗಂಟೆಯ ಚರ್ಚಿನ ಗಂಟೆಗಳು ಊರಿನ ನಾಲ್ಕೂ ಕಡೆಯಿಂದ ಬಡಿದವು. ಬಿಸಿಲೇರಿತು. ಓತಾನ ಬೆನ್ನಿಗೆ ಡಬ್ಬಿಯ ಶಾಖ ತಾಗತೊಡಗಿತು. ಇನ್ನೆರಡು ಗಂಟೆ ಹೀಗೇ ಬಿಟ್ಟರೆ ಮಾಂಸ ಹಳಸುತ್ತದೆ, ಮಾಂಸ ಹಳಸಿದರೆ ಮನೆ ಹೋಗುತ್ತದೆ, ಮೋಟಾರು ದೋಣಿ ಬರುತ್ತದೆ. ಓತಾ ಕಾಲುವೆ ದಂಡೆಯ ಕಾಫಿ ಅಂಗಡಿಯೊಂದರಲ್ಲಿ ಐದು ಕುರ್ಚಿ ಹಿಡಿದು, ಒಂದೇ ಒಂದು ಕಾಫಿ ಹೇಳಿ, ಮೇಜಿನ ಕೆಳಗೆ ಡಬ್ಬಿ ತೆರೆದ. ಬೆಳ್ಳುಳ್ಳಿಯ ಘಮ ಮೇಜಿನ ಕೆಳಗೆ ಇರುತ್ತದೆಯೇ? ಮಾಣಿ ಬಗ್ಗಿ ನೋಡಿದ. ಓತಾನೂ ಬಗ್ಗಿದ. ಇಬ್ಬರೂ ಮೇಜಿನ ಕೆಳಗೆ ಮುಖಾಮುಖಿಯಾದರು. ಆಮೇಲಿನ ಮಾತು ಪೂರ್ತಿ ಇಟಾಲಿಯನ್‌ನಲ್ಲಿತ್ತು, ಆದರೂ ಒಂದಕ್ಷರ ಬಿಡದೆ ಓತಾನಿಗೆ ಅರ್ಥವಾಯಿತು.

"ನಂಗೆ ತಲೆ ಸುತ್ತುತ್ತಿದೆ," ಎಂದಳು ಯಾರ್ಮಿಲಾ ಬೀದಿಗೆ ಬಂದು. "ಓತಾ, ಒಂದು ತುಂಡು ಕೊಡು, ಹಾಗೇ ನಡೀತಾ ತಿಂತೀನಿ."

"ಶ್! ನಿಮ್ಮಮ್ಮನಿಗೆ ಕೇಳ್ಸುತ್ತೆ."

"ಕೇಳಿಸ್ಲಿ! ನಿಂಗೆ ಹೆಂಡತಿ ಮುಖ್ಯಾನಾ, ಹೊಳೆ ಮುಖ್ಯಾನಾ?"

ಓತಾ ಒಂದು ಕ್ಷಣ ತಡೆದ. ಆ ಒಂದು ಕ್ಷಣ ತಡೆದದ್ದು ದೊಡ್ಡ ತಪ್ಪಾಯಿತು. ಯಾರ್ಮಿಲಾ ಮುಂದಿನ ಒಂದು ಗಂಟೆ ಅವನ ಜತೆ ಮಾತೇ ಆಡಲಿಲ್ಲ.

ಕೊನೆಗೆ ದೋಣಿ ನಿಲ್ದಾಣದ ಬೆಂಚು ಕಂಡಿತು. ನೀರಿನ ಮೇಲೆ ತೇಲುವ ಕಟ್ಟೆ, ಮೇಲೆ ಸೂರು, ಒಳಗೆ ಬೆಂಚು. ಕುಳಿತು ಉಸಿರು ಬಿಡುವಷ್ಟರಲ್ಲಿ ದೋಣಿ ಬಂತು. ಹಿಂದಿನಿಂದ ನೂಕಿದ ಜನಪ್ರವಾಹ ಐವರನ್ನೂ ಡಬ್ಬಿಯ ಸಮೇತ ಒಳಕ್ಕೆ ತಳ್ಳಿತು. ಮುಂದಿನ ನಿಲ್ದಾಣದಲ್ಲಿ ಹೂಗುಚ್ಛ ಹಿಡಿದ ಮುದುಕಿಯರ ಜತೆ ಇಳಿದು ನೋಡಿದರೆ, ಅದು ಊರಿನ ಸ್ಮಶಾನ. ಇಡೀ ದ್ವೀಪವೇ ಸ್ಮಶಾನ.

ಓತಾನಿಗೆ ಮಾತ್ರ ಅದು ಸ್ವರ್ಗದ ಹಾಗೆ ಕಂಡಿತು. ಸೈಪ್ರೆಸ್ ಮರಗಳ ನೆರಳು, ಕಲ್ಲಿನ ಬೆಂಚು, ಸೀಟಿ ಊದುವವರಿಲ್ಲ, ಮಾಣಿಗಳಿಲ್ಲ. "ಅತ್ತೇ, ಎಷ್ಟು ಪ್ರಶಾಂತವಾಗಿದೆ ನೋಡಿ," ಎಂದು ಹಲ್ಲು ಕಿರಿದ.

ಅತ್ತೆಯ ಮುಖ ಕೆಂಪಾಯಿತು. "ನಿಮ್ಮ ಮಾವ ಹೋಗಿ ಒಂಬತ್ತು ವರ್ಷ ಆಯ್ತು. ಅವರ ಸಮಾಧಿ ಮುಂದೆ ಇವತ್ತಿನವರೆಗೂ ಒಂದು ಬಿಸ್ಕತ್ತು ಬಾಯಿಗೆ ಹಾಕಿಲ್ಲ ನಾನು. ಪರದೇಶದ ಹೆಣಗಳ ಮುಂದೆ ಕೂತು ಶ್ನಿಟ್ಸೆಲ್ ತಿನ್ನಲಾ? ಏನಂದ್ಕೊಂಡಿದ್ದೀಯ ನನ್ನ?"

"ಛೆ ಛೆ, ಎಂಥ ಮಾತು ಓತಾ!" ಎಂದು ಲುದ್ವಿಕ್ ಉರಿಯುವ ಬೆಂಕಿಗೆ ತುಪ್ಪ ಸುರಿದ. "ಸತ್ತವರ ಬಗ್ಗೆ ಸ್ವಲ್ಪನಾದ್ರೂ ಗೌರವ ಬೇಡ್ವಾ? ಅತ್ತೇ, ಆ ಹೋಟೆಲ್ ಮೂರು ಗಂಟೆವರೆಗೂ ತೆರೆದಿರುತ್ತೆ."

ಈ ಸಲ ಅತ್ತೆ "ಬೇಡ" ಎನ್ನಲಿಲ್ಲ. "ನೋಡೋಣ" ಎಂದರು. ಓತಾ ಡಬ್ಬಿ ಬೆನ್ನಿಗೇರಿಸಿಕೊಂಡು ದೋಣಿ ನಿಲ್ದಾಣಕ್ಕೆ ಓಡಿದ.

ವಾಪಸು ದೋಣಿ ಹತ್ತಿ, ಗಾಬರಿಯಲ್ಲಿ ತಪ್ಪಿ ಬೇರೆ ಯಾವುದೋ ನಿಲ್ದಾಣದಲ್ಲಿ ಇಳಿದರು. ಅದು ಪ್ರವಾಸಿಗರು ಕಾಲಿಡದ ಕೇರಿ. ಓಣಿಯ ಈ ಕಡೆಯಿಂದ ಆ ಕಡೆಗೆ ಹಗ್ಗ ಕಟ್ಟಿ ಚಡ್ಡಿ, ಚಾದರ ಒಣಗಿಹಾಕಿದ್ದರು. ತೆರೆದ ಒಂದು ಗೇಟಿನೊಳಗೆ ಓತಾ ಇಣುಕಿದ. ಅಂಗಳ, ಅಂಜೂರದ ಮರ, ಅದರ ಕೆಳಗೆ ಇಪ್ಪತ್ತು ಜನ ಕೂರುವಷ್ಟು ಉದ್ದದ ಮೇಜು. ಮೇಜಿನ ಮೇಲೆ ಕಾಗದ ಹಾಸಿದ್ದರು. ಅಷ್ಟು ದೊಡ್ಡ ಮೇಜಿಗೆ ಕೂತಿದ್ದವನು ತೂಕಡಿಸುವ ಒಬ್ಬ ಮುದುಕ ಮಾತ್ರ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಬಿಯರ್ ಅಂಗಳಗಳಲ್ಲಿ ಮೇಜು ಯಾರದ್ದಾದರೇನು, ಕುರ್ಚಿ ಖಾಲಿ ಇದ್ದರೆ "ಇಲ್ಲಿ ಖಾಲಿನಾ?" ಅಂತ ಕೇಳಿ ಕೂತುಬಿಡುತ್ತೇವೆ. ಕೇಳದೆ ಕೂರುವವನು ಒರಟ, ಕೇಳಿದ ಮೇಲೂ ಒಲ್ಲೆ ಅನ್ನುವವನು ಇನ್ನೂ ಒರಟ. ಕೂತ ಮೇಲೆ ಮನೆಯಿಂದ ತಂದ ಬುತ್ತಿ ಬಿಚ್ಚಿದರೂ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಜಗತ್ತೆಲ್ಲ ಹೀಗೇ ಇದೆ ಅಂತ ಓತಾ ನಂಬಿದ್ದ. ಟೋಪಿ ತೆಗೆದು, ಖಾಲಿ ಕುರ್ಚಿಗಳ ಕಡೆ ಕೈ ಮಾಡಿ, ಮುದುಕನನ್ನು ಕೇಳಿದ, "ಇಲ್ಲಿ ಖಾಲಿನಾ?"

ಮುದುಕನಿಗೆ ಕಿವಿ ಕೇಳುತ್ತಿರಲಿಲ್ಲ. ಬಾಯಿ ತುಂಬ ನಕ್ಕು ತಲೆಯಾಡಿಸಿದ.

ಎರಡು ನಿಮಿಷದಲ್ಲಿ ಬಟ್ಟೆ ಹಾಸಿಯಾಯಿತು. ಅತ್ತೆ ಮಧ್ಯದಲ್ಲಿ ಕೂತರು. ಯಾರ್ಮಿಲಾ ಕೂತಳು, ಅವಳ ಅಕ್ಕ, ಲುದ್ವಿಕ್ಕಿನ ಹೆಂಡತಿ ವೇರಾ ಕೂತಳು, ಲುದ್ವಿಕ್ ಹಲ್ಲು ಕಡಿಯುತ್ತಾ ಕೂತ. ಓತಾ ಡಬ್ಬಿ ತೆರೆದ. ಹದಿನೇಳೂ ಹೊನ್ನಿನ ಬಣ್ಣದಲ್ಲಿ ಹೊಳೆಯುತ್ತಿದ್ದವು, ಒಂದೂ ಹಳಸಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

ಆಗ ಮನೆಯ ಬಾಗಿಲು ತೆರೆಯಿತು. ಪಾತ್ರೆ, ತಟ್ಟೆ, ಶೀಷೆ ಹಿಡಿದು ಒಬ್ಬರ ಹಿಂದೆ ಒಬ್ಬರು ಹೊರಗೆ ಬಂದರು. ಗಂಡಸರು, ಹೆಂಗಸರು, ಮಕ್ಕಳು, ಕಂಕುಳಲ್ಲಿ ಕೂಸು. ಕೊನೆಗೆ ರೇಷ್ಮೆ ಲಂಗ ಉಟ್ಟ ಗಟ್ಟಿಮುಟ್ಟಾದ ಅಜ್ಜಿ. ಎಲ್ಲರೂ ಹಾಗೇ ನಿಂತುಬಿಟ್ಟರು.

"ಓತಾ," ಎಂದಳು ಯಾರ್ಮಿಲಾ ಮೆಲ್ಲಗೆ. ಒಂದು ಗಂಟೆಯ ನಂತರ ಅವಳ ಮೊದಲ ಮಾತು. "ಇದು ಯಾರದೋ ಮನೆ ಕಣೋ. ಇವತ್ತು ಇವರ ಹಬ್ಬ."

ಓತಾನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲುದ್ವಿಕ್ ಖುಷಿಯಿಂದ ಕುರ್ಚಿಗೆ ಒರಗಿ ಕೈ ಕಟ್ಟಿದ. ಅತ್ತೆ ಮಾತ್ರ ಅಲುಗಾಡಲಿಲ್ಲ. ಫೋರ್ಕಿನಿಂದ ಒಂದು ಶ್ನಿಟ್ಸೆಲ್ ಎತ್ತಿ, ತಟ್ಟೆಗೆ ಹಾಕಿ, ಪಕ್ಕದಲ್ಲಿ ಸೌತೆಕಾಯಿ ಇಟ್ಟು, ಆ ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ಮೂಸಿದಳು. ಕಚ್ಚಿದಳು.

"ಕೊತೊಲೆತ್ತಾ!" ಎಂದು ಅಜ್ಜಿ ಮೇಜು ಗುದ್ದಿದಳು. ಶ್ನಿಟ್ಸೆಲ್ಲಿನಂಥ ತಿನಿಸಿಗೆ ಅವರ ಕಡೆ ಅದೇ ಹೆಸರು. ಅಲ್ಲಿಂದ ಮುಂದೆ ಎಲ್ಲರೂ ನೆಂಟರೇ. ಅಜ್ಜಿಯ ಹೆಸರು ಓರ್ಸೊಲಾ, ಅವತ್ತಿಗೆ ಎಂಬತ್ತು ತುಂಬಿತ್ತು. ಈರುಳ್ಳಿ ಮತ್ತು ವಿನೆಗರಿನಲ್ಲಿ ನೆನೆಸಿದ ಬೂತಾಯಿ ಮೀನು ಬಂತು, ವೈನ್ ಬಂತು. ಬ್ಲಾಜೆನಾ ಅತ್ತೆಗೆ ಚೆಕ್ ಬಿಟ್ಟು ಬೇರೆ ಬರುವುದಿಲ್ಲ, ಓರ್ಸೊಲಾ ಅಜ್ಜಿಗೆ ತನ್ನ ಕೇರಿಯ ಮಾತು ಬಿಟ್ಟು ಬೇರೆ ಬರುವುದಿಲ್ಲ. ಹಿಟ್ಟು ಮೊದಲೋ ಮೊಟ್ಟೆ ಮೊದಲೋ ಅಂತ ಇಬ್ಬರೂ ಅರ್ಧ ಗಂಟೆ ಕೈಸನ್ನೆಯಲ್ಲೇ ಜಗಳವಾಡಿ, ಕೊನೆಗೆ ಅಪ್ಪಿಕೊಂಡರು. ಆಮೇಲೆ ಒಂದು ಪೆನ್ಸಿಲ್ ತರಿಸಿ, ಮೇಜಿನ ಮೇಲೆ ಹಾಸಿದ್ದ ಕಾಗದದಲ್ಲಿ ಏನೇನೋ ಗೀಚುತ್ತಾ, ನಗುತ್ತಾ, ತಲೆಗೆ ತಲೆ ಕೊಟ್ಟು ಕೂತರು.

ಓತಾ ಕತ್ತು ನೀಳ ಮಾಡಿ ನೋಡಿದ. ಅತ್ತೆ ಒಂದು ಮನೆ ಬರೆದಿದ್ದರು. ಮುಂದೆ ಹೊಳೆ. ಹೊಳೆ ದಂಡೆಯಲ್ಲಿ ಗಾಳ ಹಿಡಿದ ಒಬ್ಬ ಮನುಷ್ಯ. ಆ ಮನುಷ್ಯನ ತಲೆ ಬೋಳಾಗಿತ್ತು. ಲುದ್ವಿಕ್ಕಿಗೆ ತಲೆ ತುಂಬ ಕೂದಲು. ಓತಾ ತನ್ನ ತಲೆ ಸವರಿಕೊಂಡ.

ಅತ್ತೆ ಎದ್ದು ನಿಂತರು. ಕುತ್ತಿಗೆಯ ದಾರದಿಂದ ಕೀಲಿ ಬಿಚ್ಚಿದರು.

"ಲುದ್ವಿಕ್, ನೀನು ಬೆಳಗ್ಗೆಯಿಂದ ಬರೀ ಹೋಟೆಲ್ ಹೋಟೆಲ್ ಅಂದೆ. ಇವನು ನೋಡು, ಸ್ಮಶಾನಕ್ಕೆ ಹೋದ್ರೂ ನನ್ನ ಡಬ್ಬಿ ಬಿಡಲಿಲ್ಲ. ಕೊನೆಗೆ ಎಂಥ ಜಾಗ ಹುಡುಕಿ ಕೂರಿಸ್ದ! ತಗೋಪ್ಪಾ ಓತಾ. ಹೊಳೆ ಮನೆ ಇನ್ಮೇಲೆ ನಿಂದು."

ಹದಿನಾರು ಇಟಾಲಿಯನ್ನರು ಏನೂ ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು. ಓತಾ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅತ್ತೆಯ ಎರಡೂ ಕೆನ್ನೆಗೆ ಮುತ್ತಿಟ್ಟ. ಲುದ್ವಿಕ್ಕಿನ ಮುಖ ಹುಳ್ಳಗಾಯಿತು. ಜೀವನದಲ್ಲಿ ಅಂಥ ಸಂತೋಷ ಓತಾ ಕಂಡೇ ಇರಲಿಲ್ಲ.

ಕಾಗದದ ಮೇಲೆ ಬಗ್ಗಿದ್ದ ವೇರಾ ಆಗ ಕೇಳಿದಳು, "ಅಮ್ಮಾ, ಮನೆ ಒಳಗೆ ಇಷ್ಟೊಂದು ತಲೆ ಬರೆದಿದೀರಲ್ಲ, ಯಾರು ಇವರೆಲ್ಲಾ?"

"ಇವರೇ," ಎಂದರು ಅತ್ತೆ, ಮೇಜಿನ ಉದ್ದಕ್ಕೂ ಕೈ ಬೀಸಿ. "ಪಾಪ, ಬೇಸಿಗೆ ಬಂದ್ರೆ ಇವರಿಗೆ ತಮ್ಮೂರಲ್ಲೇ ಕಾಲಿಡೋಕೆ ಜಾಗ ಇಲ್ವಂತೆ, ಎಲ್ಲಿ ನೋಡಿದ್ರೂ ನಮ್ಮಂಥ ಪ್ರವಾಸಿಗರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ವರ್ಷ ನಮ್ಮ ಹೊಳೆ ಮನೇಲಿ ಬಂದಿರಿ ಅಂದೆ. ಒಪ್ಪಿದಾರೆ. ನಾನು ಆ ನಾಲ್ಕು ತಿಂಗಳು ಇಲ್ಲಿ, ಈ ಅಂಜೂರದ ಮರದ ಕೆಳಗೆ. ಮನೆ ಅಂದ್ಮೇಲೆ ನೋಡ್ಕೊಳ್ಳೋಕೆ ಒಬ್ಬ ತಾಳ್ಮೆಯ ಮನುಷ್ಯ ಬೇಡ್ವಾ? ಸೌದೆ ಒಡೀಬೇಕು, ನೀರು ತರ್ಬೇಕು, ಇವರಿಗೆ ದಿನಾ ಮೀನು ಬೇಕಂತೆ. ಅದಕ್ಕೇ ಓತಾ, ನಿನ್ನ ಕೈಗೆ ಗಾಳ ಕೊಟ್ಟು ಬರೆದೆ."

ಓತಾ ತಲೆಗಳನ್ನು ಎಣಿಸಿದ. ಎರಡನೇ ಸಲ ಎಣಿಸಿದ. ಹದಿನಾರು. ಕೋಣೆ ಎರಡು.

"ಅಭಿನಂದನೆ ಕಣಯ್ಯಾ," ಎಂದು ಲುದ್ವಿಕ್ ಎದ್ದು ಬಂದು ಅವನ ಬೆನ್ನು ತಟ್ಟಿದ. ಅವನ ಮುಖಕ್ಕೆ ಕಳೆ ಮರಳಿತ್ತು.

ಓತಾ ಏನೋ ಹೇಳಲು ಬಾಯಿ ತೆರೆದ. ಓರ್ಸೊಲಾ ಅಜ್ಜಿ ಸ್ವಲ್ಪ ತಾಳು ಎಂಬಂತೆ ಕೈ ಎತ್ತಿ, ಮೇಜಿನ ಆ ತುದಿಯಲ್ಲಿ ಕೂತಿದ್ದ ಬಸುರಿ ಕಿರಿಯ ಸೊಸೆಯ ಉಬ್ಬಿದ ಹೊಟ್ಟೆಯ ಕಡೆ ನೋಡಿದಳು. ಸೊಸೆ ನಾಚಿಕೊಂಡು ಎರಡು ಬೆರಳು ತೋರಿಸಿದಳು. ಅಜ್ಜಿ ಪೆನ್ಸಿಲ್ ತೆಗೆದುಕೊಂಡು ಮನೆಯೊಳಗೆ ಇನ್ನೆರಡು ಪುಟ್ಟ ತಲೆ ಬರೆದಳು.