ಮೊಸರುವಡೆಯ ಮೇಲೆ ಬಿದ್ದ ವಿಷ

ಐವತ್ತರ ದಶಕದಲ್ಲಿ ನಾನು ಪರೇಲಿನ ಒಂದು ಲ್ಯಾಬಿನಲ್ಲಿ ರೋಗಾಣು ಬೆಳೆಸುವ ಗಾಜಿನ ತಟ್ಟೆಗಳನ್ನು ನೋಡಿಕೊಳ್ಳುತ್ತಿದ್ದೆ. ಮಾಟುಂಗದ ನಮ್ಮ ಚಾಳಿನವರು ನನ್ನನ್ನು ವಿಜ್ಞಾನಿ ಎಂದುಕೊಂಡಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ.

ಹೀಗಾಗಿ ಕನ್ನಡ ಸಂಘದವರು ಭಾಷಣಕ್ಕೆ ಕರೆದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಲ್ಯಾಬಿನಲ್ಲಿ ಆಗ ಒಂದು ಹೊಸ ಸುದ್ದಿ ಓಡಾಡುತ್ತಿತ್ತು. ಗಂಟಲಮಾರಿಯ, ಅಂದರೆ ಡಿಫ್ತೀರಿಯಾದ, ಕ್ರಿಮಿಗಳಲ್ಲಿ ವಿಷವಿಲ್ಲದ ಸಾಧುಗಳೂ ಇವೆಯಂತೆ. ಒಂದು ಬಗೆಯ ವೈರಸ್ ಒಳಹೊಕ್ಕರೆ ಅವೂ ವಿಷ ಕಾರತೊಡಗುತ್ತವಂತೆ. ವಿಷ ಮಾಡುವ ವಿದ್ಯೆ ಹೀಗೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ನಾನು ಗಂಭೀರವಾಗಿ ವಿವರಿಸಿದೆ.

ಸಭೆಯಿಂದ ಒಂದರ ಮೇಲೊಂದು ಪ್ರಶ್ನೆ ಬಂದವು. ಕೊನೆಗೆ ಅಜ್ಜಿಯೊಬ್ಬರು ಎದ್ದು, ಮೊಸರಿನಲ್ಲೂ ಕ್ರಿಮಿ ಇರುತ್ತದಲ್ಲ, ಈ ವಿದ್ಯೆ ಅದಕ್ಕೂ ದಾಟಬಹುದೇ ಎಂದು ಕೇಳಿದರು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು ಕನ್ನಡಕ ಸರಿಪಡಿಸಿಕೊಂಡು, "ವಿಜ್ಞಾನದಲ್ಲಿ ಅಸಾಧ್ಯ ಎಂಬ ಮಾತೇ ಇಲ್ಲ" ಎಂದೆ.

ಅಂದಿನ ಉಪಾಹಾರ ಮೊಸರುವಡೆ!

ನಮ್ಮ ಚಾಳಿನ ಕೆಳಗೆ ಉಡುಪಿ ಹೋಟೆಲು ನಡೆಸುತ್ತಿದ್ದ ವಾಸುಭಟ್ಟರು ಅದನ್ನು ಪ್ರೀತಿಯಿಂದ ಮಾಡಿಸಿ ತಂದಿದ್ದರು. ಜನ ನೀರು ಕುಡಿದು ಮನೆಗೆ ಹೋದರು.

ಮರುದಿನ ನನ್ನ ಹೆಂಡತಿ ಸುಶೀಲೆಯ ಮುಖ ಗಡಿಗೆಯಾಗಿತ್ತು. ಚಾಳಿನ ಎಲ್ಲರೂ ಮೊಸರಿಗೆ ಅವಳ ಹತ್ತಿರವೇ ಹೆಪ್ಪು ಒಯ್ಯುತ್ತಿದ್ದರು. "ಇವತ್ತ ಒಬ್ಬಾಕೀನೂ ಬಂದಿಲ್ಲ. ಏನು ಮಾತಾಡಿ ಬಂದೀರಿ ನೀವು?" ಎಂದಳು. ಅಷ್ಟರಲ್ಲಿ ಭಟ್ಟರೇ ಮೆಟ್ಟಿಲು ಹತ್ತಿ ಬಂದರು.

"ನೀವೇ ಬಂದು ನಾಲ್ಕು ಜನರ ಎದುರು ನನ್ನ ಮೊಸರುವಡೆ ತಿನ್ನಬೇಕು ಮಾರಾಯ್ರೆ. ಇಲ್ಲದಿದ್ದರೆ ನಾನು ಹೋಟೆಲು ಮುಚ್ಚಿ ಊರಿಗೆ ಹೋಗುವುದೇ."

ವಿಜ್ಞಾನದ ಮರ್ಯಾದೆ ಉಳಿಸಲು ಸಂಜೆ ಹೋಗಿ ಕುಳಿತೆ. ಮೂರನೆಯ ತಟ್ಟೆ ಮುಗಿದರೂ ಜನರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಬಂದಿದ್ದರೂ ನಾನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ವಡೆ ಅಷ್ಟು ಚೆನ್ನಾಗಿತ್ತು.

ಬೆಳಿಗ್ಗೆ ಹೊಟ್ಟೆ ಕೈಕೊಟ್ಟಿತು. ಚಾಳಿನ ಪಾಯಖಾನೆ ಗ್ಯಾಲರಿಯ ಆ ತುದಿಗೆ, ನಮ್ಮ ಖೋಲಿ ಈ ತುದಿಗೆ. ತಂಬಿಗೆ ಹಿಡಿದು ಎಲ್ಲರ ಬಾಗಿಲ ಮುಂದೆ ಮತ್ತೆ ಮತ್ತೆ ಓಡಿದೆ. ಪ್ರತಿ ಬಾಗಿಲಲ್ಲೂ ಒಂದೊಂದು ಮುಖ. ಮಧ್ಯಾಹ್ನದ ಹೊತ್ತಿಗೆ ಸುತ್ತಮುತ್ತ ಮೊಸರು ಮುಟ್ಟುವವರೇ ಇರಲಿಲ್ಲ. ಭಟ್ಟರು ಖಾಲಿ ಹೋಟೆಲಿನಲ್ಲಿ ತಲೆಗೆ ಕೈಹೊತ್ತು ಕುಳಿತಿದ್ದರಂತೆ.

ಸುಶೀಲೆ ಹೆದರಿ ಡಾಕ್ಟರನ್ನು ಕರೆಸಿದಳು. ಅವರು ನನ್ನ ಹೊಟ್ಟೆ ಒತ್ತಿ, ತಿಂದದ್ದೇನು, ಎಷ್ಟು ಎಂದು ವಿಚಾರಿಸಿ, ನಗು ತಡೆದುಕೊಂಡು ಹೊರಟುಹೋದರು. ಸುಶೀಲೆ ನೆಟ್ಟಗೆ ಗ್ಯಾಲರಿಗೆ ಹೋಗಿ ನಿಂತಳು.

"ವಿಷಾನೂ ಇಲ್ಲ, ಗಿಷಾನೂ ಇಲ್ಲ. ಪುಕ್ಕಟೆ ಸಿಕ್ಕಿತಂತ ಇವರು ಹೊಟ್ಟಿ ಬಿರಿಯೂ ಹಂಗ ತಿಂದಾರ, ಅಷ್ಟ."

ಸಂಜೆಯೊಳಗೆ ಭಟ್ಟರ ಹೋಟೆಲು ತುಂಬಿತು. ನಾನು ಒಂದು ತಾಸು ಹೇಳಿದ ವಿಜ್ಞಾನಕ್ಕೆ ಸಭೆಯಲ್ಲಿ ಸಾಲುಸಾಲು ಪ್ರಶ್ನೆ ಕೇಳಿದ ಜನ, ನನ್ನ ಹೊಟ್ಟೆಬಾಕತನಕ್ಕೆ ಒಂದು ಪುರಾವೆಯನ್ನೂ ಕೇಳಲಿಲ್ಲ.