ರಾಣಿಯ ತುರುಬಿಗೆ ಬಲೆಯ ಗಂಟು

ನನ್ನ ಸೋದರಮಾವನಷ್ಟು ಅಪಾಯಕಾರಿ ಮನುಷ್ಯ ಭಟ್ಕಳದ ಬಂದರಿನಲ್ಲಿ ಇನ್ನೊಬ್ಬ ಇರಲಿಲ್ಲ. ಅವನು ಕುಡಿಯುತ್ತಿರಲಿಲ್ಲ, ಹೊಡೆದಾಡುತ್ತಿರಲಿಲ್ಲ. ಸಹಾಯ ಮಾಡುತ್ತಿದ್ದ. ಒಮ್ಮೆ ಅವನ ಸಹಾಯ ಪಡೆದವರು ಮತ್ತೆ ಅವನನ್ನು ದೂರದಲ್ಲಿ ಕಂಡರೂ ದಾರಿ ಬದಲಿಸುತ್ತಿದ್ದರು.

ಬಲೆ ಹೆಣೆಯುವುದರಲ್ಲಿ ಹೊನ್ನಾವರದಿಂದ ಈಚೆಗೆ ಅವನಂಥ ಕೈ ಇಲ್ಲ ಎಂದು ಯಾರೋ ಹೇಳಿಬಿಟ್ಟಿದ್ದರು. ಅಂದಿನಿಂದ, ನೈಲಾನ್ ದಾರ ಮತ್ತು ಬಲೆ ಹೆಣೆಯುವ ಮರದ ಸೂಜಿಯಿಂದ ಸರಿಯಾಗದ ವಸ್ತು ಲೋಕದಲ್ಲಿಲ್ಲ ಎಂದು ಅವನು ನಂಬಿದ. ಅಜ್ಜಿಯ ಮಂಚ ಜೋಲು ಬಿದ್ದಾಗ ಅದಕ್ಕೆ ಬಲೆ ಹೆಣೆದ. ಬೆಳಿಗ್ಗೆ ಎದ್ದ ಅಜ್ಜಿಯ ಬೆನ್ನಿನ ತುಂಬ ಚೌಕಳಿ. ಪಕ್ಕದ ಮನೆಯ ಕೋಳಿಗೂಡಿಗೆ ಬಲೆಯ ಬಾಗಿಲು ಕಟ್ಟಿಕೊಟ್ಟ. ಕೋಳಿಗೆ ಹೊರಗೆ ಬರಲಾಗಲಿಲ್ಲ, ಮನೆಯವರಿಗೆ ಮೊಟ್ಟೆ ತೆಗೆಯಲಾಗಲಿಲ್ಲ. ಅವರು ಜಗಳಕ್ಕೆ ಬಂದರೆ, "ಕಳ್ಳನಿಗೂ ಆಗೂದಿಲ್ಲ ಅಲ್ಲ?" ಎಂದು ಕೇಳಿದ.

ಇದೆಲ್ಲ ತಮಾಷೆ, ಒಪ್ಪುತ್ತೇನೆ. ನನ್ನ ತಲೆಗೆ ಅವನು ಮಾಡಿದ್ದು ತಮಾಷೆಯಲ್ಲ. ನೆನೆದರೆ ಈಗಲೂ ಕೈ ತನ್ನಿಂದ ತಾನೇ ಕುತ್ತಿಗೆಯ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ, ಒಂದು ಮಾತೂ ಹೆಚ್ಚು ಸೇರಿಸದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಒಂಬತ್ತನೇ ಇಯತ್ತೆ. ಶಾಲೆಯ ವಾರ್ಷಿಕೋತ್ಸವಕ್ಕೆ, ಅಂದರೆ ಗ್ಯಾದರಿಂಗಿಗೆ, ವಿಕ್ಟೋರಿಯಾ ರಾಣಿಯ ನಾಟಕ ಎಂದಾಯಿತು. ರಾಣಿ ನಾನು. ನಟನೆಗಾಗಿ ಅಲ್ಲ, ಕೂದಲಿಗಾಗಿ. ಚಾಪೆಯ ಮೇಲೆ ಕುಳಿತರೆ ಜಡೆಯ ತುದಿ ಚಾಪೆಗೆ ತಾಗುತ್ತಿತ್ತು. ಕನ್ನಡಿಯಲ್ಲಿ ನನಗೆ ನನ್ನದೆಂದು ಇಷ್ಟವಾಗುತ್ತಿದ್ದುದು ಅದೊಂದೇ.

ಕೊನೆಯ ತಾಲೀಮಿನಲ್ಲಿ ನಾನು ಘೋಷಣೆ ಓದುವಾಗ ತುರುಬು ಬಿಚ್ಚಿ ಮುಖದ ಮೇಲೆ ಬಿತ್ತು. ಮಂತ್ರಿಯಾಗಿದ್ದ ಹುಡುಗಿ, "ಮಹಾರಾಣಿಯವರಿಗೆ ಮೈಮೇಲೆ ಬಂತು" ಎಂದಳು. ಎಲ್ಲರೂ ನಕ್ಕರು. ನಾಟಕ ಕಲಿಸುತ್ತಿದ್ದ ಅಕ್ಕೋರು ನಗಲಿಲ್ಲ. "ನಾಳೆ ಒಂದು ಎಳೆ ಅಲುಗಾಡಿದರೆ ನಿನ್ನನ್ನು ಸೇವಕಿ ಮಾಡ್ತೇನೆ" ಎಂದರು.

ಅಳುತ್ತ ಮನೆಗೆ ಬಂದದ್ದೇ ನನ್ನ ತಪ್ಪು. ಜಗಲಿಯಲ್ಲಿ ಮಾವ ಕೂತಿದ್ದ.

"ಎಂತ ಆತು?"

ಹೇಳಿದೆ.

"ಅಲುಗಾಡದ ಹಾಗೆ ಕಟ್ಟೂದಲ್ಲ? ಅದು ನನ್ನ ಕೆಲಸ," ಎಂದ.

ಮರುದಿನ ಬೆಳಿಗ್ಗೆ ಅಜ್ಜಿಯ ಸರದಲ್ಲಿದ್ದ ರಾಣಿ ಛಾಪಿನ ಬೆಳ್ಳಿ ರೂಪಾಯಿಯನ್ನು ಬಿಚ್ಚಿಸಿಕೊಂಡು ಬಂದು ನನ್ನ ಕಿವಿಯ ಪಕ್ಕ ಹಿಡಿದ. ನಾಣ್ಯದ ರಾಣಿಗೆ ಹಿಂದಕ್ಕೆ ಎಳೆದ ಕೂದಲು, ತಲೆ ಸುತ್ತ ಒಂದು ಪಟ್ಟಿ, ಕತ್ತಿನ ಮೇಲೆ ಗಂಟು. ಸುಮಾರು ಹೊತ್ತು ನೋಡಿ, "ಇದರಲ್ಲಿ ಒಂದೇ ಬದಿ ಉಂಟು. ಆ ಬದಿಯಲ್ಲಿ ಎಂತ ಇತ್ತೋ ಯಾರಿಗೆ ಗೊತ್ತು?" ಎಂದ.

"ಈ ಬದಿಯ ಹಾಗೇ ಇರ್ತದೆ ಮಾವ."

"ಕಾಣದ್ದನ್ನು ನಾನು ಮಾಡೂದಿಲ್ಲ."

ಮಾಡಲಿಲ್ಲ. ಎಡಬದಿಗೆ ರಾಣಿ, ಬಲಬದಿಗೆ ದಿನನಿತ್ಯದ ನಾನು. ಎಡಬದಿಯನ್ನು ಸಣ್ಣ ಸಣ್ಣ ಎಳೆಗಳಾಗಿ ಬಿಡಿಸಿ, ಪ್ರತಿ ಎಳೆಗೂ ಕಪ್ಪು ನೈಲಾನ್ ದಾರ ಸೇರಿಸಿ, ಮರದ ಸೂಜಿಯಿಂದ ಬಲೆಯ ಗಂಟು ಹಾಕುತ್ತ ಹೋದ. ಹಿಂದೆ ತುರುಬು ಕಟ್ಟಿ ಅದರ ಮೇಲೂ ಹೆಣೆದ. ಬಿಗಿ ಬರಲಿ ಎಂದು ಗಂಜಿ ತಿಳಿ ಸವರಿ ನನ್ನನ್ನು ಬಿಸಿಲಿಗೆ ಕೂರಿಸಿದ. ಹುಬ್ಬುಗಳು ಮೇಲೆ ಹೋಗಿ ನಿಂತವು. ನಾಟಕ ಮುಗಿಯುವವರೆಗೂ ರಾಣಿ ಆಶ್ಚರ್ಯದಲ್ಲಿಯೇ ರಾಜ್ಯವಾಳಿದಳು.

ಮಧ್ಯಾಹ್ನದ ನಾಟಕದಲ್ಲಿ ಒಂದು ಎಳೆಯೂ ಅಲುಗಾಡಲಿಲ್ಲ. ಎಡಗೆನ್ನೆಯನ್ನು ಸಭೆಗೆ ತೋರಿಸುತ್ತ ಏಡಿಯ ಹಾಗೆ ಅಡ್ಡಡ್ಡ ನಡೆದೆ. ಮಂತ್ರಿ ಬಗ್ಗಿ ನಮಸ್ಕರಿಸುವಾಗ ಪಿಸುಗುಟ್ಟಿದಳು: "ಮಹಾರಾಣಿ, ಬಂಗಡೆ ವಾಸನೆ ಬರ್ತಾ ಉಂಟು." ಆದರೂ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಮಾವ ಎದ್ದು ನಿಂತು ಪಕ್ಕದವನಿಗೆ ಹೇಳುತ್ತಿದ್ದ, "ಕೂದಲು ನೋಡು, ಕೂದಲು."

ಸಂಜೆ ಅಮ್ಮ ಬಿಚ್ಚಲು ಕೂತಳು. ಒಂದು ಗಂಟೂ ಬಿಡಲಿಲ್ಲ. ಎಣ್ಣೆ ಹಾಕಿದಳು, ಬಿಸಿನೀರು ಹಾಕಿದಳು. ಕೊನೆಗೆ ಮಾವನನ್ನು ಕರೆದಳು.

"ಅಣ್ಣ, ಇದನ್ನು ಬಿಚ್ಚೂದು ಹೇಗೆ?"

"ಬಿಚ್ಚೂದಾ?" ಅವನ ಮುಖ ನೋಡಿದೆ. ಅಲ್ಲಿಯವರೆಗೆ ಆ ಯೋಚನೆ ಅವನಿಗೆ ಬಂದೇ ಇರಲಿಲ್ಲ. "ಬಲೆ ಗಂಟು ಬಿಡಬಾರದು ಅಂತಲೇ ಹಾಕೂದು. ಕೆಟ್ಟರೆ ಕತ್ತರಿಸಿ ಬೇರೆ ಹಾಕ್ತೇವೆ."

"ಕೂದಲು ಬೇರೆ ಎಲ್ಲಿಂದ ಹಾಕ್ತೀಯಾ? ಬಂದರಿನಲ್ಲಿ ಮಾರ್ತಾರಾ?" ಅಮ್ಮನ ಧ್ವನಿ ಬೀದಿಗೆ ಕೇಳಿತು. "ಕಿವಿಯ ಮಟ್ಟಕ್ಕೆ ಕತ್ತರಿಸಬೇಕಲ್ಲ, ನಿನ್ನ ಕೈ ಸುಡಲಿ."

ನಾನು ಎಲ್ಲರೆದುರು ಹೇಳಿದೆ: ನಾನು ಸಾಯುವವರೆಗೆ ಇವನ ಹತ್ತಿರ ಮಾತಾಡುವುದಿಲ್ಲ. ಮಾವ ಅಂತ ಕರೆಯುವುದೂ ಇಲ್ಲ. ಹದಿನಾಲ್ಕರ ವಯಸ್ಸಿನ ಸಿಟ್ಟು ಸಣ್ಣದು ಎಂದು ಯಾರು ಹೇಳಿದರು? ಅದಕ್ಕಿಂತ ದೊಡ್ಡ ಸಿಟ್ಟು ನನಗೆ ಮತ್ತೆ ಬಂದಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಕತ್ತರಿ ತರುವಷ್ಟರಲ್ಲಿ ಅವನು ನನ್ನ ಬೆನ್ನ ಹಿಂದೆ ಕೂತಿದ್ದ. ಕೈಯಲ್ಲಿ ಎರಡು ಹೊಲಿಗೆ ಸೂಜಿ, ಪಕ್ಕದಲ್ಲಿ ತೆಂಗಿನೆಣ್ಣೆಯ ಬಟ್ಟಲು. ನಾನು ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ದೋಣಿಯವರು ಕರೆದರು, "ಮೀನು ಬಿದ್ದದೆ, ಬೇಗ ಬಾ ಮಾರಾಯ." "ನೀವು ಹೋಗಿ," ಎಂದ.

ಒಂದು ಗಂಟು. ಬಹಳ ಹೊತ್ತಾದ ಮೇಲೆ ಇನ್ನೊಂದು. ದಾರವನ್ನು ಮಾತ್ರ ಸೂಜಿಯಿಂದ ಎತ್ತಿ, ಎಳೆ ಎಳೆಯಾಗಿ ಸೀಳಿ, ಕೂದಲನ್ನು ಬೆರಳಿನಿಂದ ಹೊರಗೆ ತರುತ್ತಿದ್ದ. ನೋವಾದಾಗ ನಾನು ಭುಜ ಎತ್ತುತ್ತಿದ್ದೆ, ಅವನು ನಿಲ್ಲುತ್ತಿದ್ದ. ಮಧ್ಯಾಹ್ನ ಅಮ್ಮ ಬಂದು, "ಸಾಕು ಅಣ್ಣ, ಕಣ್ಣು ಹಾಳಾಗ್ತದೆ. ಕತ್ತರಿಸಿಬಿಡು," ಎಂದಳು.

"ಇದು ಬಲೆ ಅಲ್ಲ ತಂಗಿ," ಎಂದ.

ದೋಣಿಗಳು ಮರಳಿದವು. ಬಂದರಿನ ಕಡೆಯಿಂದ ಗದ್ದಲ ಕೇಳಿತು. ಆ ವರ್ಷದಲ್ಲೇ ಎಲ್ಲಕ್ಕಿಂತ ಹೆಚ್ಚು ಮೀನು ಬಿದ್ದ ದಿನ ಅದು ಎಂದು ಆಮೇಲೆ ತಿಳಿಯಿತು. ಅವನು ತಲೆ ಎತ್ತಲಿಲ್ಲ. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಬಿಸಿಲು ಜಗಲಿಯಿಂದ ಇಳಿದು ಹೋಗುವಾಗ ಎರಡೂ ಬದಿಯ ಕೂದಲು ಒಂದಾಗಿ ನನ್ನ ಬೆನ್ನ ಮೇಲೆ ಬಿತ್ತು.

"ಆತು. ಏಳು," ಎಂದ.

ನಾನು ಏಳಲಿಲ್ಲ.

"ಹಿಂದೆ ಇನ್ನೊಂದು ಗಂಟು ಉಂಟು ಮಾವ," ಎಂದೆ.

ಇರಲಿಲ್ಲ. ಅವನು ಹುಡುಕತೊಡಗಿದ.